ಮಳೆಮಾಪಕಕ್ಕೆ ಟೋಪಿ ಹಾಕಿದ ಸಂಗತಿ

ಹಲಸಿನಹಕ್ಲು ಗ್ರಾಮ ಪಂಚಾಯಿತಿ ಕಚೇರಿಯ ಅಂಗಳದಲ್ಲಿ, ಧ್ವಜಕಂಬದ ಎಡಕ್ಕೆ, ತಂತಿಬೇಲಿಯ ನಡುವೆ ಒಂಟಿಕಾಲಿನಲ್ಲಿ ತಪಸ್ಸಿಗೆ ನಿಂತಿರುವ ಶ್ರೀ ಮಳೆಮಾಪಕ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಮಳೆ ಹಿಡಿಯುವ ತಮ್ಮ ಆಲಿಕೆ ಸೌಖ್ಯವಾಗಿದೆಯೆಂದೂ, ತಮ್ಮ ಹೊಟ್ಟೆಯೊಳಗೆ ಹನಿ ತುಂಬಿದಾಗಲೆಲ್ಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುವ ಆ ಪುಟ್ಟ ತೊಟ್ಟಿಯು ನಮ್ಮ ಪಂಚಾಯಿತಿಯ ಕೆಲವು ಸದಸ್ಯರ ಹಾಗೆ ಒಂದೇ ಕಡೆಗೆ ವಾಲಿ ಅಲ್ಲೇ ನಿದ್ದೆಹೋಗದೆ ಕರ್ತವ್ಯನಿರತವಾಗಿದೆಯೆಂದೂ ನಂಬಿ, ತಮಗೆ ಬೇಲಿಯ ಹೊರಗಿನಿಂದಲೇ ಕೈಮುಗಿದು, ಒಂದು ತಪ್ಪೊಪ್ಪಿಗೆಯಿಂದ ಈ ಪತ್ರವನ್ನು ಆರಂಭಿಸುತ್ತಿದ್ದೇನೆ.

ಕಳೆದ ಎರಡನೇ ಶನಿವಾರ, ಕಚೇರಿಗೆ ರಜೆಯಿದ್ದ ಮಧ್ಯಾಹ್ನ, ಚಿಕ್ಕಮಗಳೂರಿನ ಕಡೆಯಿಂದ ಮೋಡ ಕಪ್ಪಾಗಿ ಎದ್ದು ಬರುತ್ತಿದ್ದ ಹೊತ್ತಿನಲ್ಲಿ, ಆ ಬೇಲಿಯನ್ನು ಪಂಚೆ ಎತ್ತಿಕಟ್ಟಿ ದಾಟಿ, ತಮ್ಮ ತಲೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲವೊಂದನ್ನು ತೊಡಿಸಿ, ಗಾಳಿಗೆ ಹಾರಿಹೋಗದಿರಲೆಂದು ಅದರ ತಳವನ್ನು ತಮ್ಮ ಬಾಯೊಳಕ್ಕೆ ಚೆನ್ನಾಗಿ ಒತ್ತಿ, ಕುತ್ತಿಗೆಗೆ ಬಾಳೆಪಟ್ಟೆಯ ದಾರದಿಂದ ಎರಡು ಗಂಟು ಹಾಕಿದ ದುಷ್ಕರ್ಮಿ ಬೇರೆ ಯಾರೂ ಅಲ್ಲ, ಈ ಪತ್ರದ ಕೊನೆಯಲ್ಲಿ ರುಜು ಮಾಡಲಿರುವ ನಾನೇ. ನಮ್ಮ ಕಡೆ ಮೋಸ ಮಾಡುವುದಕ್ಕೆ ಟೋಪಿ ಹಾಕುವುದು ಎನ್ನುತ್ತಾರೆ. ಆ ಮಾತನ್ನು ಅಕ್ಷರಶಃ ಪಾಲಿಸಿದ ಮೊದಲ ಮನುಷ್ಯ ನಾನಿರಬೇಕು. ಇದನ್ನು ಯಾರೂ ನೋಡಿಲ್ಲ, ಯಾರೂ ಅನುಮಾನಿಸಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಚೀಲ ಬಿಚ್ಚಿಕೊಂಡೂ ಬಂದಿದ್ದೇನೆ. ಆದರೂ ನಾನಾಗಿಯೇ ಒಪ್ಪಿಕೊಳ್ಳುತ್ತಿರುವುದು ಯಾಕೆಂದರೆ, ನನ್ನ ಈ ಸಣ್ಣ ಅಪರಾಧದಿಂದ ಇನ್ನೊಂದು ದೊಡ್ಡ ಅಪರಾಧ ಬಯಲಾಗಿದೆ. ಒಳ್ಳೆಯ ಕೆಲಸಕ್ಕೆ ತಲೆ ಕೊಟ್ಟವರ ಸಾಲಿನಲ್ಲಿ ತಮ್ಮ ತಲೆಯೂ ಸೇರಿದೆಯೆಂದು ತಾವು ಹೆಮ್ಮೆಪಡಬೇಕು.

ನಾನು ರಂಗನಾಥ. ಊರಿನ ಮೇಲ್ಗಡೆ ತಿರುವಿನಲ್ಲಿ ನನಗೆ ಮೂರು ಎಕರೆ ರೋಬಸ್ಟಾ ತೋಟವಿದೆ, ಅದರ ಪಕ್ಕಕ್ಕೆ ಕಾಫಿ, ಮೆಣಸು, ಬೆಣ್ಣೆಹಣ್ಣಿನ ಸಸಿಗಳ ನರ್ಸರಿಯಿದೆ. ಜಾವಳಿಯಿಂದ ಕಳಸದವರೆಗೆ ನನ್ನಲ್ಲಿ ಸಸಿ ಒಯ್ದವರಲ್ಲಿ ಒಬ್ಬರಾದರೂ ಬೇರು ಕೊಳೆತಿದೆ ಎಂದು ವಾಪಸು ಬಂದಿಲ್ಲ. ಅದಲ್ಲದೆ ಚಿಕ್ಕಮಗಳೂರಿನ ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಓದಿದವನು. ಆ ವರ್ಷ ಆ ವಿಷಯ ತೆಗೆದುಕೊಂಡವನು ನಾನೊಬ್ಬನೇ ಆದ್ದರಿಂದ ತರಗತಿಗೆ ಮೊದಲಿಗನಾಗಿಯೂ ತೇರ್ಗಡೆಯಾದೆ. ಪತ್ರದ ಮುಂದಿನ ಭಾಗದಲ್ಲಿ ಬರುವ ವಾದಸರಣಿಯ ಬಿಗಿಯನ್ನು ತಾವು ಮೆಚ್ಚಬೇಕಾದರೆ ಈ ಹಿನ್ನೆಲೆ ಗೊತ್ತಿರಬೇಕು ಎಂದು ಹೇಳಿದೆ, ಜಂಬಕ್ಕಲ್ಲ.

ತಾವು ನಮ್ಮೂರಿಗೆ ಬಂದ ಬಗೆಯನ್ನು, ತಾವು ಪೆಟ್ಟಿಗೆಯೊಳಗೆ ಹುಲ್ಲು ಸುತ್ತಿಕೊಂಡು ಬಂದವರಾದ್ದರಿಂದ, ನಾನೇ ನೆನಪಿಸಬೇಕು. ನಮ್ಮ ರೋಬಸ್ಟಾ ಗಿಡದ ಸ್ವಭಾವ ತಮಗೆ ತಿಳಿದಿರಲಿ: ಫೆಬ್ರವರಿ ಮಾರ್ಚಿನಲ್ಲಿ ಮೊಗ್ಗು ಕಚ್ಚಿಕೊಂಡು ಅದು ಸುಮ್ಮನೆ ಕಾಯುತ್ತದೆ. ಒಂದು ಇಂಚು ಹೂಮಳೆ ಬಿದ್ದರೆ ವಾರೊಪ್ಪತ್ತಿನಲ್ಲಿ ಮೈತುಂಬ ಅರಳುತ್ತದೆ. ಅರ್ಧ ಇಂಚು ಬಿದ್ದರೆ ಮೊಗ್ಗು ಅರೆಬರೆ ಬಿರಿದು ಸುಟ್ಟುಹೋಗುತ್ತದೆ, ಅದರೊಂದಿಗೆ ಆ ವರ್ಷದ ಫಸಲೂ. ಹಾಗಾಗಿ ಮಳೆಯನ್ನು ನಂಬದ ನಾವೆಲ್ಲ ಸೀಗೆಹಳ್ಳಕ್ಕೆ ಮೋಟಾರು ಇಳಿಸಿ ಸ್ಪ್ರಿಂಕ್ಲರ್ ತಿರುಗಿಸುತ್ತೇವೆ. ಎಲ್ಲರ ಗಿಡಕ್ಕೂ ಒಂದೇ ವಾರದಲ್ಲಿ ಬಾಯಾರಿಕೆ, ಎಲ್ಲರ ಮೋಟಾರೂ ಒಂದೇ ಹಳ್ಳಕ್ಕೆ. ಆ ಹಳ್ಳದ ಕೊನೆಯ ಗುಂಡಿಯಿಂದಲೇ ಕೆಳಗಿನ ಕೇರಿಯ ನಲ್ಲಿಗೆ ನೀರು ಹೋಗುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲವೆಂದಲ್ಲ, ಹೂಬಿಡುವ ವಾರದಲ್ಲಿ ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ಕಳೆದ ವರ್ಷ ಆ ಗುಂಡಿ ತಳ ಕಂಡಿತು. ನಲ್ಲಿ ತಿರುಗಿಸಿದರೆ ಮುದುಕರಂತೆ ಕೆಮ್ಮಿ ಸುಮ್ಮನಾಗುತ್ತಿತ್ತಂತೆ. ಕೆಳಗಿನ ಕೇರಿಯ ಹೆಂಗಸರು ಖಾಲಿ ಕೊಡಗಳನ್ನು ತಂದು ಕಚೇರಿಯ ಬಾಗಿಲಿನಿಂದ ಟಾರು ರಸ್ತೆಯವರೆಗೆ ಸಾಲಾಗಿ ಇಟ್ಟರು. ಆ ಸಾಲಿನ ಮೊದಲ ಕೊಡದ ಒಡತಿ ಸಿದ್ದಗಂಗಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ನಮ್ಮನ್ನೆಲ್ಲ ಒಂದು ಸುತ್ತು ನೋಡಿ, “ನಿಮ್ಮ ಗಿಡ ಹೂ ಬಿಡ್ಲಿ ಅಂತ ನಾವು ಬಾಯಿ ಬಿಡ್ಬೇಕೇನ್ರಪ್ಪ?” ಎಂದು ಕೇಳಿದಾಗ ನಾನು ತರ್ಕಶಾಸ್ತ್ರದಲ್ಲಿ ಉತ್ತರ ಹುಡುಕಿದೆ. ಸಿಗಲಿಲ್ಲ. ಆ ಪುಸ್ತಕ ಬರೆದವರು ಯಾರೂ ಕೊಡ ಹೊತ್ತವರಾಗಿರಲಿಕ್ಕಿಲ್ಲ.

ಇದಾದ ಮೇಲೆ ನಮ್ಮ ಅಧ್ಯಕ್ಷರಾದ ಶ್ರೀಮತಿ ಸರ್ವಮಂಗಳಾ ಅವರು ಚಿಕ್ಕಮಗಳೂರಿನಲ್ಲಿ ನಡೆದ ತರಬೇತಿಯೊಂದಕ್ಕೆ ಹೋದರು. ವಿಷಯ, ಸುಸ್ಥಿರ ಅಭಿವೃದ್ಧಿಯಲ್ಲಿ ಸ್ಥಳೀಯ ಸಂಸ್ಥೆಗಳ ಪಾತ್ರ. ಪಾತ್ರ ಎಂದರೆ ನಮಗೆ ಗೊತ್ತಿದ್ದದ್ದು ಹಳ್ಳದ ಪಾತ್ರ ಮತ್ತು ನಾಟಕದ ಪಾತ್ರ. ಇದುವರೆಗಿನ ಪಂಚಾಯಿತಿಗಳು ಎರಡನೆಯದನ್ನೇ ಚೆನ್ನಾಗಿ ನಿರ್ವಹಿಸಿದ್ದವು. ಪ್ರತಿ ವರ್ಷ ಪರಿಸರ ದಿನದಂದು ಶಾಲೆಯ ಎದುರಿನ ಅದೇ ಗುಂಡಿಯಲ್ಲಿ ಹೊಸದೊಂದು ಸಸಿ ನೆಟ್ಟು, ಅದೇ ಕಡೆಯಿಂದ ಬಿಸಿಲು ಬೀಳುವಂತೆ ನಿಂತು ಫೋಟೋ ತೆಗೆಸಿಕೊಂಡು, ಸಸಿಯನ್ನು ದನಕ್ಕೆ ಒಪ್ಪಿಸಿ ಬರುವ ಸಂಪ್ರದಾಯವಿತ್ತು. ಎಷ್ಟೋ ಸಸಿ ಬಂದವು, ಎಷ್ಟೋ ಅಧ್ಯಕ್ಷರು ಬಂದರು. ಸುಸ್ಥಿರವಾಗಿ ಉಳಿದದ್ದು ಆ ಗುಂಡಿಯೊಂದೇ. ತರಬೇತಿಗೆ ಹೋದವರು ಒಂದು ಚೀಲ, ಒಂದು ಪೆನ್ನು, ಮಧ್ಯಾಹ್ನದ ಊಟದ ವರ್ಣನೆ ಇಷ್ಟನ್ನು ಹೊತ್ತು ತರುವುದು ವಾಡಿಕೆ. ನಮ್ಮ ಸರ್ವಮಂಗಳಕ್ಕ ಮಾತ್ರ ನಿಯಮ ಮುರಿದು ಒಂದು ಯೋಚನೆಯನ್ನು ಹೊತ್ತು ತಂದರು. ಇದು ನಮಗೆ ಅನಿರೀಕ್ಷಿತವಾಗಿತ್ತು. ನಾವು ಅಂಥದ್ದಕ್ಕೆ ಸಿದ್ಧರಾಗಿರಲಿಲ್ಲ.

ಅವರ ಯೋಚನೆ ಸರಳವಾಗಿತ್ತು, ಅದೇ ಅದರ ದೋಷ. ಹೂಬಿಡುವ ಕಾಲದಲ್ಲಿ ತೋಟದವರು ಒಬ್ಬೊಬ್ಬರಾಗಿ ಸರದಿಯ ಮೇಲೆ ಹಳ್ಳಕ್ಕೆ ಮೋಟಾರು ಇಳಿಸಬೇಕು. ಹೂಮಳೆ ಒಂದು ಇಂಚು ದಾಟಿದರೆ ಸರದಿಯೂ ರದ್ದು, ಮೋಟಾರೂ ಬಂದ್. ಇಂಚು ದಾಟಿತೋ ಇಲ್ಲವೋ ಎಂಬುದನ್ನು ಅಂಗಳದಲ್ಲಿ ನಿಲ್ಲುವ ತಾವು ಹೇಳಬೇಕು. ಗ್ರಾಮಸಭೆಯಲ್ಲಿ ದೊಡ್ಡ ತೋಟದ ಏಕಾಂತಪ್ಪನವರು ಎದ್ದು ನಿಂತು, “ನಮ್ಮ ಮನೇಲೇ ಅಜ್ಜನ ಕಾಲದ್ದು ಮಳೆ ಅಳತೆ ಡಬ್ಬ ಇದೆಯಲ್ಲಮ್ಮ, ನಮ್ಮ ಮಳೆ ನಾವು ಅಳ್ಕೋತೀವಿ, ನೀವ್ಯಾಕೆ ಅಳೀತೀರಿ?” ಎಂದರು. ಬಸ್ ಸ್ಟ್ಯಾಂಡಿನ ಎದುರು ಎರಡು ತಲೆಮಾರಿನಿಂದ ದಿನಸಿ ಅಂಗಡಿ ನಡೆಸುತ್ತಿರುವ ಮನೆಯ ಸರ್ವಮಂಗಳಕ್ಕ, ಜೀರಿಗೆ ತೂಗುವ ನಿಧಾನದಲ್ಲಿ, “ಅಣ್ಣಾ, ಎಲ್ರೂ ಅವರವರ ತಕ್ಕಡಿ ತಂದ್ರೆ ಸಂತೆ ನಡೆಯಲ್ಲ. ಊರಿಗೆ ಒಂದೇ ತಕ್ಕಡಿ ಇರ್ಲಿ” ಎಂದರು. ಸಿದ್ದಗಂಗಮ್ಮ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದ್ದು ಯಾರು ಎಂದು ನೋಡಲು ನಾವೆಲ್ಲ ತಿರುಗಿದ್ದೇ ತಡ, ಅಷ್ಟರಲ್ಲಿ ಠರಾವು ಪಾಸಾಗಿತ್ತು.

ಹೀಗೆ ತಾವು ಬಂದಿರಿ. ಬಂದು ತಾವು ನಮ್ಮ ಸಂಸ್ಕೃತಿಗೆ ಮಾಡಿದ ಹಾನಿಯನ್ನು ಹೇಳದಿದ್ದರೆ ಈ ಪತ್ರ ಅಪೂರ್ಣವಾದೀತು. ಈ ಸೀಮೆಯಲ್ಲಿ ಮಳೆ ನಿಂತ ಮರುಕ್ಷಣ ಫೋನ್ ಮಾಡುವುದೊಂದು ಸಂಸ್ಕಾರ, ಲೆಕ್ಕ ಇಂಚಿಗೆ ನೂರು ಸೆಂಟು. “ನಿಮ್ಮಲ್ಲಿ ಎಷ್ಟು ಸೆಂಟು?” “ಮೊದ್ಲು ನೀವು ಹೇಳಿ.” “ಇಲ್ಲಿ ಎಂಥದೂ ಇಲ್ಲ ಮಾರಾಯ, ಒಂದು ಅರವತ್ತು ಸೆಂಟು.” “ಹೌದಾ, ನಮ್ಮಲ್ಲಿ ಎಪ್ಪತ್ತೈದು.” ಹೂಮಳೆಯ ಕಾಲದಲ್ಲಿ ಹೆಚ್ಚು ಹೇಳುವುದು ಗೌರವ, ಕಣದಲ್ಲಿ ಕಾಫಿ ಒಣಗುವ ಕಾಲದಲ್ಲಿ ಕಡಿಮೆ ಹೇಳುವುದು ಧೈರ್ಯ. ಏಕಾಂತಪ್ಪನವರಂತೂ ಎದುರಿನವರು ಹೇಳುವವರೆಗೆ ಕಾದು, ಅದಕ್ಕೆ ಹತ್ತು ಸೆಂಟು ಸೇರಿಸಿಯೇ ಹೇಳುವುದು. ಅವರ ತೋಟದಲ್ಲಿ ಮಳೆಗಾಲ ಎಂಬುದು ಹರಾಜಿನ ಹಾಗೆ ನಡೆಯುತ್ತಿತ್ತು. ಇದರಿಂದ ಯಾರಿಗೂ ನಷ್ಟವಿರಲಿಲ್ಲ, ಎಲ್ಲರಿಗೂ ಎಲ್ಲರೂ ಸುಳ್ಳು ಹೇಳುತ್ತಾರೆಂದು ಗೊತ್ತಿದ್ದುದರಿಂದ ನಂಬಿಕೆಯ ಮೇಲೆ ಊರು ನಡೆಯುತ್ತಿತ್ತು. ತಾವು ಬಂದ ಮೇಲೆ ನೀರುಗಂಟಿ ಕಲ್ಲೇಶ ಬೆಳಿಗ್ಗೆ ಟ್ಯಾಂಕಿನ ಮೋಟಾರು ಹಾಕಲು ಬಂದವನೇ, ಕಚೇರಿಯೊಳಗೆ ಹೋಗಿ, ತಮ್ಮಿಂದ ತಂತಿ ಎಳೆದಿರುವ ಪೆಟ್ಟಿಗೆಯಲ್ಲಿ ತಮ್ಮ ಅಂಕಿ ನೋಡಿ ಬಂದು ಹೊರಗಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಈಗ ಫೋನ್ ಮಾಡಿದರೆ, “ಬೋರ್ಡ್ ನೋಡಿಲ್ವಾ?” ಎಂದು ಇಟ್ಟುಬಿಡುತ್ತಾರೆ. ಅಳಿಯನ ಹೆಸರು ಮರೆತವರು ಕೂಡ ನೆಪಕ್ಕೆ ಮಾತಾಡಲು ಇದ್ದ ಒಂದೇ ವಿಷಯವನ್ನು ತಾವು ಕಿತ್ತುಕೊಂಡಿರಿ. ಇಡೀ ಹೋಬಳಿಯನ್ನು ಒಂದೇ ಹಂಗಾಮಿನಲ್ಲಿ ಸತ್ಯವಂತರನ್ನಾಗಿ ಮಾಡಿದ ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೆ. ಇಷ್ಟು ಸತ್ಯ ಒಟ್ಟಿಗೆ ಬಂದರೆ ಮಣ್ಣು ಸವೆಯುವುದಿಲ್ಲವೇ ಎಂದಷ್ಟೇ ನನ್ನ ಚಿಂತೆ.

ಈಗ ನನ್ನ ಸ್ವಂತ ದುಃಖಕ್ಕೆ ಬರುತ್ತೇನೆ. ಸರದಿಯ ಪಟ್ಟಿಯಲ್ಲಿ ನನ್ನ ಪಾಳಿ ಬಂದದ್ದು ಆ ಭಾನುವಾರ. ಶನಿವಾರ ಮಧ್ಯಾಹ್ನ ಮೋಡ ಎದ್ದಿತು. ಈ ಮೋಡಗಳಿಗೆ ನನ್ನ ತೋಟದ ಮೇಲೆ ಹಳೆಯ ಮುನಿಸಿದೆ, ಕಚೇರಿಯ ಮೇಲೆ ಸುರಿದು ನಮ್ಮ ತಿರುವು ಬಂದೊಡನೆ ಸೀರೆ ನೆರಿಗೆ ಎತ್ತಿಕೊಂಡು ದಾಟಿಹೋಗುತ್ತವೆ. ತಮ್ಮ ತಲೆಯ ಮೇಲೆ ಒಂದು ಇಂಚು, ನನ್ನ ಗಿಡದ ಮೇಲೆ ನಾಲ್ಕು ಹನಿ, ಆದರೂ ನನ್ನ ಪಾಳಿ ರದ್ದು: ಇದು ನಡೆಯುವುದು ಖಂಡಿತ ಎನಿಸಿತು. ವರ್ಷದ ಫಸಲು ಕಣ್ಣೆದುರು ಸುಟ್ಟುಹೋಗುವಾಗ ತರ್ಕ ಓದಿದವನು ಸುಮ್ಮನೆ ಕೂರುತ್ತಾನೆಯೇ? ನರ್ಸರಿಯ ಶೆಡ್ಡಿನಲ್ಲಿ ಬೆಣ್ಣೆಹಣ್ಣಿನ ಸಸಿಗೆಂದು ಜೋಡಿಸಿಟ್ಟ ದೊಡ್ಡ ಅಳತೆಯ ಚೀಲಗಳಲ್ಲಿ ಒಂದನ್ನು ಹಿರಿದುಕೊಂಡು ಸ್ಕೂಟರ್ ಏರಿದೆ. ಮುಂದಿನದನ್ನು ತಾವು ಅನುಭವಿಸಿದ್ದೀರಿ.

ಸಂಜೆ ಮಳೆ ಬಂತು, ಇಲ್ಲವೆನ್ನುವುದಿಲ್ಲ. ಎಷ್ಟು ಬಂತು ಎಂಬುದೇ ಪ್ರಶ್ನೆ. ಕೆಳಗಿನ ಕೇರಿಯವರು ಜೋರು ಮಳೆ ಎಂದರು. ಶೀಟಿನ ಮನೆಯಲ್ಲಿ ಕೂತವರಿಗೆ ಇಪ್ಪತ್ತು ಸೆಂಟೂ ಪ್ರಳಯವೇ ಎಂದು ನಾನು ಅದನ್ನು ಪಕ್ಕಕ್ಕಿಟ್ಟೆ. ನನ್ನ ಮನೆಯ ಮಳೆ ಅಳೆಯುವ ಗಾಜನ್ನು ಹೋದ ವರ್ಷ ಮಂಗ ಒಡೆದ ಮೇಲೆ ನಾನು ತೋರುಬೆರಳನ್ನು ಮಣ್ಣಿಗೆ ಚುಚ್ಚಿ ಅಳೆಯುತ್ತೇನೆ. ಮೊದಲ ಗೆಣ್ಣು ಹಸಿಯಾದರೆ ಕಾಲು ಇಂಚು, ಎರಡನೆಯದಾದರೆ ಅರ್ಧ. ಆ ಸಂಜೆ ನನ್ನ ಬೆರಳು ಎರಡನೇ ಗೆಣ್ಣಿನಲ್ಲಿ ನಿಂತಿತು. ತಾವು ಲೋಹದವರು, ಬೆರಳಿನ ಭಾಷೆ ತಮಗೆ ಅರ್ಥವಾಗಲಿಕ್ಕಿಲ್ಲ.

ಭಾನುವಾರ ಬೆಳ್ಳಂಬೆಳಿಗ್ಗೆ, ಕಲ್ಲೇಶ ಬರುವ ಮೊದಲೇ, ನಾನು ತಮ್ಮ ಬಳಿಗೆ ಬಂದೆ. ಗಂಟು ನಾನು ಹಾಕಿದ್ದ ಹಾಗೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಚೀಲ ಬಿಚ್ಚಿ ನೋಡಿದೆ. ಇಲ್ಲಿಂದ ಮುಂದೆ ದಯವಿಟ್ಟು ಪ್ರತಿ ಹೆಜ್ಜೆಯನ್ನೂ ಗಮನವಿಟ್ಟು ಓದಬೇಕು. ಚೀಲದ ತಳ ತಮ್ಮ ಬಾಯೊಳಗೆ ಬಟ್ಟಲಿನಂತೆ ಇಳಿದಿತ್ತು. ಒಂದು ಇಂಚು ಮಳೆ ಬಿದ್ದಿದ್ದರೆ ಆ ಬಟ್ಟಲಿನಲ್ಲಿ ದೊಡ್ಡ ಚೊಂಬಿನಷ್ಟು ನೀರು ನಿಂತಿರಬೇಕಿತ್ತು. ನಿಂತದ್ದೆಷ್ಟು? ಒಂದು ಹನಿಯೂ ಇಲ್ಲ! ಚೀಲ ಒದ್ದೆಯಾಗಿತ್ತು, ಅಷ್ಟೆ. ಎಂದ ಮೇಲೆ ಬಿದ್ದದ್ದು ಚೀಲ ನೆನೆಯುವಷ್ಟು ಮಾತ್ರ. ಅದನ್ನು ಪಂಚೆಯೊಳಗಿನ ಚಡ್ಡಿಯ ಜೇಬಿಗೆ ತುರುಕಿಕೊಂಡು, ನನ್ನ ಪಾಳಿ ಉಳಿಯಿತೆಂದು ಮನಸ್ಸಿನಲ್ಲೇ ಮೋಟಾರು ಚಾಲೂ ಮಾಡಿಕೊಂಡು ನಿಂತಿದ್ದಾಗ ಕಲ್ಲೇಶ ಬಂದ, ಒಳಗೆ ಹೋದ, ಹೊರಗೆ ಬಂದ, ಹಲಗೆಯ ಮೇಲೆ ಬರೆದ: ಒಂದು ಇಂಚು ಹನ್ನೆರಡು ಸೆಂಟು.

ನಾನು ಕಂಬದಂತೆ ನಿಂತೆ. “ಎಂಥ ರಂಗನಾಥಣ್ಣ, ಭೂತ ಕಂಡವರ ಹಂಗೆ ನಿಂತ್ರಿ? ಒಳ್ಳೆ ಮಳೆ, ನಿಮ್ಮ ಡೀಸೆಲ್ ಉಳೀತಲ್ಲ” ಎಂದ ಕಲ್ಲೇಶ. ಕೊಡ ಹಿಡಿದು ಬಂದ ಸಿದ್ದಗಂಗಮ್ಮ ಹಲಗೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡು ದೇವರಿಗೆ ಕೈಮುಗಿದರು. ಆಮೇಲೆ ಅವರ ದೃಷ್ಟಿ ನನ್ನ ಜೇಬಿನಿಂದ ನೀರಿಳಿದು ಪಂಚೆಯ ಮೇಲೆ ಹಬ್ಬುತ್ತಿದ್ದ ಒದ್ದೆಯ ಮೇಲೆ ಬಿತ್ತು. “ಡಾಕ್ಟ್ರಿಗೆ ತೋರ್ಸಿ ಅಣ್ಣ, ಈ ವಯಸ್ಸಿಗೆ ಇದೆಲ್ಲ ಆಗುತ್ತೆ, ನಾಚ್ಕೆ ಮಾಡ್ಕೋಬೇಡಿ” ಎಂದು ಮೆಲುದನಿಯಲ್ಲಿ ಹೇಳಿ ಹೋದರು. ಆ ಅವಮಾನವನ್ನೂ ನುಂಗಿಕೊಂಡೆ. ಸಾಕ್ಷ್ಯವನ್ನು ಜೇಬಿನಲ್ಲಿಟ್ಟುಕೊಂಡವನು ಅಷ್ಟನ್ನಾದರೂ ಸಹಿಸಬೇಕು.

ಈಗ ತರ್ಕ. ತಲೆಯ ಮೇಲೆ ಚೀಲವಿತ್ತು, ಚೀಲದಲ್ಲಿ ನೀರಿರಲಿಲ್ಲ, ಆದರೂ ತಾವು ಒಂದು ಇಂಚು ಹನ್ನೆರಡು ಸೆಂಟು ಎಂದಿರಿ. ಮುಸುಕು ಹಾಕಿಕೊಂಡೂ ಮಳೆ ಕಂಡಿರಿ ಎಂದರೆ ತಾವು ಯಂತ್ರವಲ್ಲ, ಅವತಾರ. ಅವತಾರವಲ್ಲವಾದರೆ ಆ ಅಂಕಿಯನ್ನು ಒಳಗೆ ಕೂತು ಯಾರೋ ಬರೆದಿದ್ದಾರೆ. ಬರೆಯುವ ಕೈ ಕಲ್ಲೇಶನದು, ಬರೆಸುವ ಬಾಯಿ ಯಾರದ್ದೆಂದು ಹೇಳಬೇಕಾಗಿಲ್ಲ. ಮೂರನೆಯ ಸಾಧ್ಯತೆಯೇ ಇಲ್ಲ. ಇದಕ್ಕಿಂತ ಶುದ್ಧವಾದ ಅನುಮಾನಪ್ರಮಾಣವನ್ನು ನಮ್ಮ ಮೇಷ್ಟರೂ ಹಲಗೆಯ ಮೇಲೆ ಬರೆದಿರಲಿಲ್ಲ.

ಆದರೆ ಈ ಪ್ರಮಾಣವನ್ನು ಬಾಯಿಬಿಟ್ಟು ಹೇಳಿದರೆ ಚೀಲ ಕಟ್ಟಿದ್ದು ನಾನೇ ಎಂದೂ ಹೇಳಬೇಕಾಗುತ್ತದೆ. ಹಾಗಾಗಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಯಾರಿಗೋ ಹೇಳಿದಂತೆ, “ಆ ರೀಡಿಂಗು ಸುಳ್ಳು” ಎಂದಷ್ಟೇ ಅಂದೆ. ಏಕಾಂತಪ್ಪನವರ ಲೋಟ ಅರ್ಧದಾರಿಯಲ್ಲಿ ನಿಂತಿತು. “ನಿಂಗೆ ಏನೋ ಗೊತ್ತಿದೆ, ಹೇಳು ಮಾರಾಯ.” “ಗೊತ್ತಿರೋದನ್ನೆಲ್ಲ ಹೇಳಕ್ಕಾಗಲ್ಲ ಏಕಾಂತಪ್ಪನವ್ರೇ. ನಾನು ಸುಮ್ನೆ ಮಾತಾಡೋನಲ್ಲ ಅಂತ ನಿಮಗೆ ಗೊತ್ತಲ್ಲ.” ಅಷ್ಟೇ ನಾನು ಆಡಿದ ಮಾತು. ಸಂಜೆಯ ಹೊತ್ತಿಗೆ ಅದು ನಾನಿಲ್ಲದೆಯೇ ಬೆಳೆದಿತ್ತು: ಅಧ್ಯಕ್ಷರು ಕೆಳಗಿನ ಕೇರಿಯ ವೋಟಿಗಾಗಿ ಮಳೆ ಬರೆಸುತ್ತಾರೆ, ಯಂತ್ರ ಬರೀ ತೋರಿಕೆಗೆ, ಒಳಗೆ ತಂತಿಯೇ ಇಲ್ಲ. ಸಂತೆಯ ದಿನ ಸರ್ವಮಂಗಳಕ್ಕನ ಅಂಗಡಿಯಲ್ಲಿ ಬೆಲ್ಲ ಕೊಂಡವರೊಬ್ಬರು, ಪೊಟ್ಟಣವನ್ನು ಕೈಯಲ್ಲಿ ಎತ್ತಿ ಎತ್ತಿ ನೋಡಿ, “ಇದಾದ್ರೂ ಸರಿ ತೂಕಾನ?” ಎಂದರಂತೆ. ಸರ್ವಮಂಗಳಕ್ಕ ತಕ್ಕಡಿಯನ್ನು ಅವರ ಕಡೆಗೆ ತಿರುಗಿಸಿ ಇನ್ನೊಮ್ಮೆ ತೂಗಿ ತೋರಿಸಿದರಂತೆ. ಕಲ್ಲೇಶ ಸೀಮೆಸುಣ್ಣವನ್ನು ಹಲಗೆಯ ಕೆಳಗಿಟ್ಟು, “ನನ್ನ ಕಳ್ಳ ಅಂದ್ಮೇಲೆ ಬರೆಯೋರು ನೀವೇ ಬರ್ಕೊಳ್ಳಿ” ಎಂದು ಹೋಗಿದ್ದಾನೆ. ಹಲಗೆ ಖಾಲಿಯಿದೆ. ಏಕಾಂತಪ್ಪನವರು ಊರೆಲ್ಲ ಸುತ್ತಿ ರುಜು ಮಾಡಿಸಿದ್ದಾರೆ: ಬರುವ ಸೋಮವಾರದ ಗ್ರಾಮಸಭೆಯಲ್ಲಿ ತಮ್ಮನ್ನೂ ಸರದಿಯನ್ನೂ ಒಟ್ಟಿಗೆ ಕಿತ್ತುಹಾಕಬೇಕು, ಅವರವರ ಡಬ್ಬ ಅವರವರಿಗೆ, ಅವರವರ ಮೋಟಾರು ಹಳ್ಳಕ್ಕೆ. ಮೋಟಾರುಗಳು ಈಗಾಗಲೇ ಸೀಗೆಹಳ್ಳದ ದಂಡೆಗೆ ಬಂದು, ಮದುವೆಮನೆಯಲ್ಲಿ ಎಲೆ ಹಾಕುವುದನ್ನು ಕಾಯುವವರಂತೆ ಸಾಲಾಗಿ ಕುಳಿತಿವೆ. ಕೊನೆಯ ಗುಂಡಿಯಲ್ಲಿ ನೀರು ಮೊಣಕಾಲಿನ ಮಟ್ಟಕ್ಕಿದೆ. ಸಿದ್ದಗಂಗಮ್ಮ ದಿನವೂ ಹೋಗಿ ಇಣುಕಿ ಬರುತ್ತಾರೆ.

ಈ ಪರಿಸ್ಥಿತಿಯಲ್ಲಿ ತಮ್ಮಲ್ಲಿ ನನ್ನ ಬೇಡಿಕೆಗಳು ಅತ್ಯಂತ ಸಾಧಾರಣವಾದವು. ತಾವು ಸೋಮವಾರ ಗ್ರಾಮಸಭೆಗೆ ಖುದ್ದಾಗಿ ನಡೆದುಬಂದು, ಆ ಹನ್ನೆರಡು ಸೆಂಟು ಯಾರು ಕೊಟ್ಟದ್ದೆಂದು ತುಳಸಿ ಮುಟ್ಟಿ ಹೇಳಬೇಕು. ರದ್ದಾದ ನನ್ನ ಪಾಳಿಯನ್ನು, ಅದು ಸಾಧ್ಯವಿಲ್ಲದಿದ್ದರೆ ನನ್ನ ಬೇಲಿಯ ಒಳಗೆ ಮಾತ್ರ ಬೀಳುವಂತೆ ಒಂದು ಇಂಚು ಮಳೆಯನ್ನು, ಏಕಾಂತಪ್ಪನವರ ತೋಟಕ್ಕೆ ಸಿಡಿಯದ ಹಾಗೆ, ಮಂಜೂರು ಮಾಡಿಸಬೇಕು. ಇನ್ನು ಮುಂದೆ ಅಂಕಿ ಹೇಳುವಾಗ ಊರಿನ ಗೌರವಕ್ಕಾಗಿ ಮನೆಯೊಂದಕ್ಕೆ ಹತ್ತು ಸೆಂಟು ಸುಳ್ಳಿನ ರಿಯಾಯಿತಿ ಇರಬೇಕು. ಇದಾವುದೂ ಆಗದಿದ್ದರೆ ತಾವು ಸ್ವಂತ ಕೋರಿಕೆಯ ಮೇಲೆ ವರ್ಗ ತೆಗೆದುಕೊಳ್ಳಬೇಕು. ಕಳಸಕ್ಕೆ ಹೋದರೆ ಅಲ್ಲಿ ಬೀಳುವ ಮಳೆಗೆ ಯಾರೂ ಸುಳ್ಳು ಸೇರಿಸುವ ಅಗತ್ಯವಿಲ್ಲ, ತಮ್ಮ ಆರೋಗ್ಯಕ್ಕೆ ಒಳ್ಳೆಯದು. ಅತ್ತಿಗುಂಡಿಯಾದರೂ ಸರಿಯೆ. ಅಲ್ಲಿಯ ಹೋಂಸ್ಟೇಯವರು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಮಳೆ ತೋರಿಸಲು ತಮ್ಮನ್ನು ಕೇಳಬಹುದು, ಅದೂ ಒಂದು ಅನುಭವ.

ಸುಸ್ಥಿರ ಅಭಿವೃದ್ಧಿಯಲ್ಲಿ ಸ್ಥಳೀಯ ಸಂಸ್ಥೆಗಳ ಪಾತ್ರವನ್ನು ನಾನು ವಿರೋಧಿಸುವವನಲ್ಲ. ಆ ಪಾತ್ರ ನನ್ನ ತೋಟದ ಬೇಲಿಯ ತನಕ ಬಂದು, ಚಪ್ಪಲಿ ಬಿಟ್ಟು, ಒಳಗೆ ಬರಲೇ ಎಂದು ಕೇಳಿದರೆ ಸಾಕು ಎಂದಷ್ಟೇ ನನ್ನ ಅಭಿಪ್ರಾಯ. ಒಬ್ಬ ಸಾಮಾನ್ಯ ಪ್ರಜೆ, ಒಂದು ಚೀಲದಿಂದ, ಒಂದು ಪಂಚಾಯಿತಿಯ ಸುಳ್ಳನ್ನು ಹಿಡಿದ ಎಂದು ಮುಂದೆ ಯಾರಾದರೂ ಬರೆದರೆ ಚೀಲವನ್ನೂ ನೆನೆಯಲಿ. ಅದನ್ನು ನಾನು ಒಣಗಿಸಿ, ಮಡಿಸಿ, ಸಾಕ್ಷಿಯಾಗಿ ಬೀರುವಿನಲ್ಲಿ ಇಟ್ಟಿದ್ದೇನೆ.

ತಮ್ಮ ಅಂಕಿಯಲ್ಲಿ ಲವಲೇಶವೂ ವಿಶ್ವಾಸವಿಲ್ಲದ,
ತಮ್ಮ ವಿಶ್ವಾಸಿ,
ರಂಗನಾಥ
ಹಲಸಿನಹಕ್ಲು ಮೇಲ್ತಿರುವು

ಮರೆತಿದ್ದ ಮಾತು:

ಪತ್ರವನ್ನು ಕಲ್ಲಚ್ಚಿನಷ್ಟು ಮುದ್ದಾಗಿ ನಕಲು ಮಾಡಿ, ಊರಿಗೆ ಹಂಚುವ ಮೊದಲು ನನ್ನ ಹೆಂಡತಿ ಕೃಷ್ಣಮ್ಮನಿಗೆ ಓದಿ ಹೇಳಿದೆ. ಆಕೆ ಅವರೆಕಾಳು ಸುಲಿಯುತ್ತ ಕೊನೆಯವರೆಗೂ ಕೇಳಿ, ಟೋಪಿಯ ಮಾತಿಗೆ ನಕ್ಕು, ತರ್ಕದ ಭಾಗ ಬಂದಾಗ ಕೈ ನಿಲ್ಲಿಸಿ, “ಯಾವ ಚೀಲ ಅಂದ್ರಿ?” ಎಂದಳು. ಬೀರುವಿನಿಂದ ಸಾಕ್ಷಿಯನ್ನು ತಂದು ಕೈಗಿತ್ತೆ. ಆಕೆ ಅದನ್ನು ಬಿಡಿಸಿ ಬಾಯಿ ಅಗಲಿಸಿ, ಹಿಡಿದುಕೊಳ್ಳಿ ಎಂದು ನನ್ನ ಕೈಗೇ ಕೊಟ್ಟು, ಹಂಡೆಯಿಂದ ಒಂದು ಚೊಂಬು ನೀರು ತಂದು ಒಳಗೆ ಹೊಯ್ದಳು. ಚೊಂಬು ಖಾಲಿಯಾಯಿತು, ಚೀಲವೂ ಖಾಲಿಯಾಯಿತು, ನನ್ನ ಎರಡು ಪಾದಗಳೂ ತೊಯ್ದವು. “ಇದ್ರಲ್ಲಿ ನೀರು ನಿಲ್ಲೋ ಹಂಗಿದ್ರೆ ನಿಮ್ಮ ಒಂದು ಸಸಿಯಾದ್ರೂ ಬದುಕ್ತಿತ್ತೇನ್ರೀ?” ಎಂದು ಕೇಳಿದಳು.

ಆಕೆ ಮತ್ತೆ ಅವರೆಕಾಳಿನ ಮುಂದೆ ಕೂತು, ತಲೆಯೆತ್ತದೆ ಇನ್ನೆರಡು ಮಾತು ಹೇಳಿದಳು. ತೋಟಕ್ಕೆ ಹೋಗಿ ಮೊಗ್ಗು ನೋಡಿದಿರಾ, ಮೈತುಂಬ ಅರಳಲು ಆಗಲೇ ಬೆಳ್ಳಗೆ ತಿರುಗಿವೆ ಎಂಬುದು ಒಂದು. ನನ್ನ ತೋರುಬೆರಳಿನ ವಿಷಯವನ್ನು ಇನ್ನು ಮುಂದೆ ಯಾರೂ ಎತ್ತದಿದ್ದರೆ ಉಪಕಾರ. ಇನ್ನೊಂದು, “ಹೋಟ್ಲಲ್ಲಿ ಅರ್ಧ ಮಾತಾಡಿ ಬಂದ್ರಲ್ಲ, ಉಳಿದರ್ಧ ಗ್ರಾಮಸಭೇಲಿ ನೀವು ಹೇಳ್ತೀರೋ, ನಾನು ಹೇಳ್ಲೋ?”

ಆದ್ದರಿಂದ, ಮಾನ್ಯರೇ, ಈ ಪತ್ರವನ್ನು ಹರಿಯದೆ, ಒಂದಕ್ಷರವನ್ನೂ ತಿದ್ದದೆ, ಸೋಮವಾರ ಏಕಾಂತಪ್ಪನವರು ಠರಾವು ಮಂಡಿಸುವ ಮೊದಲೇ ತಮ್ಮ ಬೇಲಿಯ ಪಕ್ಕದಲ್ಲಿ ನಿಂತು ನಾನೇ ಓದುತ್ತೇನೆ. ಚೀಲ ಹಿಡಿಯುವವನು ನಾನು, ಚೊಂಬು ಎತ್ತುವವರು ಸಿದ್ದಗಂಗಮ್ಮ, ಫಲಿತಾಂಶವನ್ನು ಹಲಗೆಯ ಮೇಲೆ ಬರೆಯುವವನು ಕಲ್ಲೇಶ, ಒಪ್ಪಿದರೆ. ಒಪ್ಪಿಸಲು ಇವತ್ತು ಸಂಜೆ ಅವನ ಮನೆಗೆ ಹೋಗುವವನಿದ್ದೇನೆ. ಅಲ್ಲಿಂದ ಹಾಗೆಯೇ ಸರ್ವಮಂಗಳಕ್ಕನ ಅಂಗಡಿಗೂ ಹೋಗಿ ಒಂದು ಅಚ್ಚು ಬೆಲ್ಲ ಕೊಳ್ಳುವುದಿದೆ, ತೂಕ ನೋಡದೆ. ಆ ದಿನ ನನ್ನ ಕಾಲಿನ ಮೇಲೆ ಬೀಳುವ ಚೊಂಬು ನೀರು ತಮ್ಮ ಆಲಿಕೆಗೂ ಸ್ವಲ್ಪ ಸಿಡಿಯಬಹುದು, ದಯವಿಟ್ಟು ಅದನ್ನು ಹೂಮಳೆಯ ಲೆಕ್ಕಕ್ಕೆ ಹಿಡಿಯಬಾರದು.

ಒಂದು ಸಣ್ಣ ವಿವರ ಉಳಿಯಿತು. ಆ ಅಳತೆಯ ಚೀಲಗಳು ಅಂಗಡಿಯಿಂದ ಬಂದಾಗ ತೂತಿಲ್ಲದೆ ಗಟ್ಟಿಯಾಗಿಯೇ ಇದ್ದವು. ಬೇರು ಕೊಳೆಯಬಾರದೆಂದು, ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು, ಒಂದೂ ತಪ್ಪದಂತೆ ತಳಕ್ಕೆ ತೂತು ಹೊಡೆದವನು ನಾನೇ.